ವೆಬ್‌ಸೈಟ್‌ನ ವೇಗ: ಒಂದು ಸಲ ಅಳೆದರೆ ಸಾಲದು

ಸೈಟ್‌ನಲ್ಲಿ ಏನೋ ಬದಲಾಯಿಸುತ್ತೇವೆ, ರಿಫ್ರೆಶ್ ಒತ್ತುತ್ತೇವೆ. ಪೇಜ್ ಥಟ್ಟನೆ ಬಂದರೆ ಕೆಲಸ ಆಯಿತು ಅಂದುಕೊಳ್ಳುತ್ತೇವೆ. ನಾನೂ ಒಮ್ಮೆ ಹೀಗೇ ನಂಬಿ ಮೋಸ ಹೋಗಿದ್ದೇನೆ. ಅವತ್ತು ಪೇಜ್ ಬಂದದ್ದು ಸರ್ವರ್‌ನಿಂದಲ್ಲ, ನನ್ನ ಬ್ರೌಸರ್‌ನ ಕ್ಯಾಶ್‌ನಿಂದ, ಅಂದರೆ ಅದು ಹಿಂದಿನ ಸಲ ಉಳಿಸಿಟ್ಟುಕೊಂಡ ಪ್ರತಿಯಿಂದ. ಹೊಸದಾಗಿ ಬಂದವರಿಗೆ ಸೈಟ್ ಮೊದಲಿನಷ್ಟೇ ನಿಧಾನವಾಗಿತ್ತು.

ಹಾಗಾಗಿ ಏನನ್ನು ಅಳೆಯಬೇಕು ಎಂದು ಮೊದಲು ತೀರ್ಮಾನಿಸಿ. ಸರ್ವರ್ ಉತ್ತರ ಕೊಡುವ ವೇಗ ಬೇರೆ, ಪೇಜ್ ಕಣ್ಣಿಗೆ ಕಾಣುವ ವೇಗ ಬೇರೆ. ಪೇಜ್‌ನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಅಳತೆಗೋಲು. ಅದೂ 100ರಲ್ಲಿ 75 ಭೇಟಿಗಳಿಗಾದರೂ. ಸರ್ವರ್‌ನ ಮೊದಲ ಬೈಟ್, ಅಂದರೆ ಉತ್ತರದ ಮೊದಲ ತುಣುಕು, 0.8 ಸೆಕೆಂಡಿನೊಳಗೆ ಬಂದರೆ ಒಳ್ಳೆಯದು.

ಬ್ರೌಸರ್‌ನಲ್ಲಿ ನೋಡುವುದು ಸುಲಭ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, 'ಡಿಸೇಬಲ್ ಕ್ಯಾಶ್' ಟಿಕ್ ಮಾಡಿ ರಿಫ್ರೆಶ್ ಮಾಡಿ. ಎಕ್ಸ್‌ಟೆನ್ಶನ್‌ಗಳು ಅಡ್ಡ ಬರದಂತೆ ಇನ್‌ಕಾಗ್ನಿಟೊ ಕಿಟಕಿ ಬಳಸಿ.

ಸರ್ವರ್‌ನ ಲೆಕ್ಕಕ್ಕೆ ನನಗೆ ಇಷ್ಟವಾದ ಸಾಧನ ಕರ್ಲ್ (curl), ಕಮಾಂಡ್ ಟೈಪ್ ಮಾಡಿ ಪೇಜ್ ತರಿಸುವ ಪ್ರೋಗ್ರಾಮ್. ಅದರ 'ರೈಟ್‌ಔಟ್' ಆಯ್ಕೆ ಕೊಟ್ಟರೆ ಪ್ರತಿ ಹಂತದ ಸಮಯವನ್ನೂ ಹೇಳುತ್ತದೆ. ಒಂದು ಉದಾಹರಣೆ ನೋಡೋಣ. ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕುವುದು) ಮುಗಿದದ್ದು 20 ಮಿಲಿಸೆಕೆಂಡಿಗೆ, ಕನೆಕ್ಷನ್ 60ಕ್ಕೆ, ಟಿಎಲ್‌ಎಸ್ (ಕನೆಕ್ಷನ್ ಅನ್ನು ಸುರಕ್ಷಿತ ಮಾಡುವ ಹಂತ) 110ಕ್ಕೆ, ಮೊದಲ ಬೈಟ್ ಬಂದದ್ದು 400ಕ್ಕೆ. ಎಲ್ಲವೂ ಶುರುವಿನಿಂದ ಎಣಿಸಿದ ಸಮಯ, ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆಯಬೇಕು. 60ರಲ್ಲಿ 20 ಹೋದರೆ 40. ಅದು ಸರ್ವರ್‌ಗೆ ಹೋಗಿ ಬರುವ ದಾರಿಯ ಸಮಯ. 400ರಲ್ಲಿ 110 ಹೋದರೆ 290. ಅದರಲ್ಲಿ ದಾರಿಯ 40 ಕಳೆಯಿರಿ. ಸರ್ವರ್ ನಿಜವಾಗಿ ತೆಗೆದುಕೊಂಡದ್ದು ಸುಮಾರು 250. ಕೋಡ್ ಅಥವಾ ಡೇಟಾಬೇಸ್ ಸರಿಮಾಡಿದರೆ ಇಳಿಯುವುದು ಈ 250 ಮಾತ್ರ.

ದಾರಿಯ ಸಮಯವನ್ನು ಹಗುರವಾಗಿ ನೋಡಬೇಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕು. ಟಿಎಲ್‌ಎಸ್ 1.3 ಇದ್ದರೂ ಹೊಸ ಕನೆಕ್ಷನ್‌ನಲ್ಲಿ ಮೊದಲ ಬೈಟ್ ಬರಲು ಸಾಮಾನ್ಯವಾಗಿ ಇಂಥ ಮೂರು ಸುತ್ತು ಬೇಕು. ಅದಕ್ಕೇ ನಿಮ್ಮ ಓದುಗರು ಇರುವ ಜಾಗಗಳಿಂದಲೇ ಅಳೆಯಿರಿ. ಸರ್ವರ್ ಪಕ್ಕದಲ್ಲೇ ಕೂತು ಅಳೆದರೆ ಅವರ ಅನುಭವ ತಿಳಿಯುವುದಿಲ್ಲ, ಅಲ್ವಾ?

ಈಗ ಮುಖ್ಯವಾದ ವಿಷಯ. ಕನಿಷ್ಠ 20 ಸಲ ಅಳೆಯಿರಿ, ಬೇರೆ ಬೇರೆ ಹೊತ್ತಿನಲ್ಲಿ. ಸರಾಸರಿ ತೆಗೆದು ಸುಮ್ನಾಗಬೇಡಿ. 18 ಸಲ 300 ಮಿಲಿಸೆಕೆಂಡ್, 2 ಸಲ 3 ಸೆಕೆಂಡ್ ಆಯಿತು ಎನ್ನಿ. ಸರಾಸರಿ 570 ಮಿಲಿಸೆಕೆಂಡ್. ಆದರೆ ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ! ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ನಡುವಿನದು ಮಾಮೂಲಿ ಅನುಭವ. 19ನೆಯದು, ಅಂದರೆ 95ನೇ ಪರ್ಸೆಂಟೈಲ್ (100ರಲ್ಲಿ 95 ಅಳತೆಗಳು ಇದರೊಳಗೇ ಇರುತ್ತವೆ), ಕಷ್ಟಪಟ್ಟವರ ಅನುಭವ. ನಾನು ಮೊದಲು ನೋಡುವುದು ಅದನ್ನೇ.

ಲೋಡ್ ಟೆಸ್ಟ್ (ಬಹಳಷ್ಟು ಕೋರಿಕೆ ಕಳಿಸಿ ಸರ್ವರ್ ತಡೆದುಕೊಳ್ಳುತ್ತದೆಯೇ ಎಂದು ನೋಡುವುದು) ಮಾಡುವುದಾದರೆ ನಿಮ್ಮದೇ ಸರ್ವರ್ ಮೇಲೆ, ಬೇರೆ ಯಂತ್ರದಿಂದ ಮಾಡಿ. ಇಲ್ಲೊಂದು ಬಲೆ ಇದೆ. ಕೆಲವು ಸಾಧನಗಳು ಒಂದು ಉತ್ತರ ಬಂದ ಮೇಲೆಯೇ ಮುಂದಿನ ಕೋರಿಕೆ ಕಳಿಸುತ್ತವೆ. ಸರ್ವರ್ 10 ಸೆಕೆಂಡ್ ನಿಂತುಹೋದರೆ ಅವುಗಳ ಲೆಕ್ಕದಲ್ಲಿ ತಡವಾದದ್ದು ಒಂದೇ ಕೋರಿಕೆ. ನಿಜದಲ್ಲಿ ಜನ ಹಾಗೆ ಸರದಿ ಕಾಯುವುದಿಲ್ಲ, ಬರುತ್ತಲೇ ಇರುತ್ತಾರೆ. ಸೆಕೆಂಡಿಗೆ 100 ಜನ ಬರುವ ಸೈಟ್ ಆದರೆ ಆ ಹೊತ್ತಿಗೆ 1,000 ಜನ ಸಿಕ್ಕಿಹಾಕಿಕೊಂಡಿರುತ್ತಾರೆ. ಉತ್ತರಕ್ಕೆ ಕಾಯದೆ, ನಿಗದಿತ ವೇಗದಲ್ಲಿ ಕೋರಿಕೆ ಕಳಿಸುವ ಸಾಧನವನ್ನೇ ಆರಿಸಿ.

ಪ್ರತಿ ಅಂಕಿಯ ಪಕ್ಕದಲ್ಲಿ ದಿನ, ಹೊತ್ತು, ಅಳೆದ ಜಾಗ, ಕ್ಯಾಶ್ ಇತ್ತೋ ಇಲ್ಲವೋ ಬರೆದಿಡಿ. ಮುಂದಿನ ಬದಲಾವಣೆ ಮಾಡಿದ ಮೇಲೆ ಅದೇ ಹೊತ್ತಿಗೆ, ಅದೇ ಜಾಗದಿಂದ ಮತ್ತೆ 20 ಸಲ ಅಳೆದು, ಎರಡೂ ಪಟ್ಟಿಗಳ 19ನೇ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ.