ಹಳೆ ರೀಪಿನ ದಳಿ, ಒಳಗೆ ಇನ್ವರ್ಟರ್

ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಚಾವಡಿಯಲ್ಲಿ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಅದನ್ನು ಮುಚ್ಚಿಬಿಡಬೇಕು ಎನಿಸುತ್ತದೆ. ಉಡುಪಿಯ ಮಳೆಗಾಲದಲ್ಲಿ ಅದಿಲ್ಲದೆ ನಡೆಯುವುದಿಲ್ಲ. ತಂತಿಯ ಮೇಲೆ ತೆಂಗಿನ ಗರಿಯೊಂದು ಬಿದ್ದರೂ ಸಾಕು, ಸಂಜೆಯೆಲ್ಲ ಕತ್ತಲೆ. ಹಾಗೆಂದು ಕಾವಿ ನೆಲದ ಮೇಲೆ ಆ ದಪ್ಪ ಡಬ್ಬಿ, ಅದರ ಕೆಂಪು ಕಪ್ಪು ತಂತಿಗಳು, ಟರ್ಮಿನಲ್‌ಗೆ ಮೆತ್ತಿದ ಜೆಲ್ಲಿ ಇವೆಲ್ಲ ಬಂದವರ ಕಣ್ಣೆದುರೇ ಇರುವುದು ಅಂಬಲಪಾಡಿಯ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಅಂಗಡಿಗಳಲ್ಲಿ ಸಿದ್ಧ ಪೆಟ್ಟಿಗೆಗಳಿವೆ. ಹೆಚ್ಚಿನವು ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್ಡಿನವು, ನೋಡಲು ಚೆಂದ, ಮುಂದೆ ಗಟ್ಟಿ ಬಾಗಿಲು. ಗಾಳಿಗೆಂದು ಹಿಂದಿನ ಹಲಗೆಯಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ನಾಲ್ಕಾರು ತೂತು. ಹಿಂದಿನ ಹಲಗೆ ಗೋಡೆಗೆ ಒತ್ತಿಕೊಂಡಿರುವಾಗ ಆ ತೂತುಗಳಿಂದ ಏನು ಪ್ರಯೋಜನ? ಮರಗೆಲಸ ನನಗೆ ಬಹಳ ಕಾಲದ ಹವ್ಯಾಸ. ಉಳಿ, ಕೀಸುಳಿ, ಗರಗಸ ಮನೆಯಲ್ಲೇ ಇವೆ. ನಾನೇ ಮಾಡಲು ಹೊರಟೆ.

ನಾನು ಮಾದರಿಯಾಗಿ ಇಟ್ಟುಕೊಂಡದ್ದು ಚಳಿ ದೇಶಗಳ ರೇಡಿಯೇಟರ್ ಕವರನ್ನು. ಅಲ್ಲಿ ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್ ಇರುತ್ತದೆ. ಅದರ ಅಂದ ಸಾಲದು ಎನಿಸಿದವರು, ಮಕ್ಕಳ ಕೈ ಸುಟ್ಟೀತೆಂದು ಹೆದರುವವರು ಅದಕ್ಕೆ ಮರದ ಹೊದಿಕೆ ಮಾಡಿಕೊಳ್ಳುತ್ತಾರೆ. ಮೂರೇ ಬದಿ, ಹಿಂಬದಿಯೂ ಇಲ್ಲ, ತಳವೂ ಇಲ್ಲ. ನೆಲಮಟ್ಟದ ತಣ್ಣನೆಯ ಗಾಳಿ ಕೆಳಗಿನ ಸಂದಿಯಿಂದ ಒಳಗೆ ಹೋಗಿ, ಕಾದು, ಮೇಲಿನ ಸಂದಿಯಿಂದ ಹೊರಗೆ ಬರುತ್ತದೆ. ಮೇಲೆ ದಾರಿ ಬಿಡದಿದ್ದರೆ ಪೆಟ್ಟಿಗೆ ಕಾಯುತ್ತದೆ, ಕೋಣೆ ತಣ್ಣಗೇ ಉಳಿಯುತ್ತದೆ. ಅವರಿಗೆ ಬಿಸಿ ಹೊರಗೆ ಬರಬೇಕಾದದ್ದು ಮನುಷ್ಯರಿಗಾಗಿ, ನಮಗೆ ಯಂತ್ರಕ್ಕಾಗಿ. ಗಾಳಿಯ ನಡೆ ಮಾತ್ರ ಎರಡೂ ಕಡೆ ಒಂದೇ. ಆದ್ದರಿಂದ ಮೊದಲು ಸಂದಿಗಳನ್ನು ಬರೆದುಕೊಂಡೆ, ಮರವನ್ನು ಆಮೇಲೆ ಅವುಗಳ ಸುತ್ತ ಬರೆದೆ. ಇದೊಂದನ್ನು ತಿರುಗುಮುರುಗು ಮಾಡಿದರೆ ಸಿಗುವುದು ಅಂಗಡಿಯ ಪೆಟ್ಟಿಗೆಯೇ.

ನಮ್ಮದು 150 ಆಂಪಿಯರ್ ಅವರ್‌ನ ಎತ್ತರದ ಟ್ಯೂಬುಲರ್ ಬ್ಯಾಟರಿ. ಸುಮಾರು 50 ಸೆಂಟಿಮೀಟರ್ ಉದ್ದ, 19 ಅಗಲ, ಟರ್ಮಿನಲ್ ಸೇರಿಸಿ 42ರಷ್ಟು ಎತ್ತರ. ಆಮ್ಲ ತುಂಬಿದ ಮೇಲೆ ತೂಕ 50 ಕಿಲೋ ದಾಟುತ್ತದೆ. ಇದರೊಳಗೆ ತಲಾ 2 ವೋಲ್ಟಿನ ಆರು ಕೋಶಗಳಿವೆ. ಚಾರ್ಜ್ ಆಗುತ್ತಾ ಕೊನೆಯ ಹಂತಕ್ಕೆ ಬಂದಾಗ, ಅಂದರೆ ಒಟ್ಟು ವೋಲ್ಟೇಜ್ 14.4ರ ಆಸುಪಾಸಿನಲ್ಲಿ, ಒಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಹೊರಬೀಳುತ್ತವೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗಿ ಬರುವುದು ಇದೇ ಕಾರಣಕ್ಕೆ. ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಬಿಟ್ಟರೆ ನೆಟ್ಟಗೆ ಮೇಲಕ್ಕೆ ಹೋಗಿ ಕೋಣೆಯಲ್ಲಿ ಹರಡಿಹೋಗುತ್ತದೆ, ಮುಚ್ಚಳ ಸಿಕ್ಕರೆ ಅದರಡಿಯಲ್ಲಿ ಕೂತುಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ದಾಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕಿಡಿಯೋ, ಪಕ್ಕದಲ್ಲೇ ಇದೆ: ವಿದ್ಯುತ್ ಹೋದ ಕ್ಷಣ ಇನ್ವರ್ಟರಿನೊಳಗಿಂದ ‘ಟಕ್’ ಎಂದು ಕೇಳಿಸುವುದು ರಿಲೇಯ, ಅಂದರೆ ತಾನಾಗಿ ಬದಲಾಗುವ ಸ್ವಿಚ್ಚಿನ ಸದ್ದು, ಅದರ ಸಂಪರ್ಕ ಬಿಂದುಗಳ ನಡುವೆ ಸಣ್ಣ ಕಿಡಿ ಹಾರುವುದು ಸಹಜ. ಬ್ಯಾಟರಿಯ ತಲೆಯ ಮೇಲೆ ಇನ್ವರ್ಟರ್ ಕೂರಿಸುವ ಪ್ಲಾಸ್ಟಿಕ್ ಟ್ರಾಲಿಗಳು ತೆರೆದ ಜಾಗದಲ್ಲಿ ಹೇಗೋ ನಡೆದುಹೋಗುತ್ತವೆ. ಅದೇ ಜೋಡಣೆಯನ್ನು ಪೆಟ್ಟಿಗೆಯೊಳಗೆ ಇಡುವುದಕ್ಕೆ ನಾನು ಒಪ್ಪಲಾರೆ.

ಹಾಗಾಗಿ ಅವೆರಡನ್ನು ಅಕ್ಕಪಕ್ಕ ಇಟ್ಟು, ನಡುವೆ ಒಂದು ಅಡ್ಡಹಲಗೆ ಹಾಕಿದೆ. ಅಡ್ಡಹಲಗೆ ಮುಚ್ಚಳಕ್ಕೆ ತಾಗುವಷ್ಟು ಎತ್ತರವಿದೆ, ಬ್ಯಾಟರಿಯ ಕಡೆಯ ಅನಿಲ ಇನ್ವರ್ಟರಿನ ಕಡೆಗೆ ಬರಬಾರದು ಎಂದು. ಪ್ರತಿಯೊಂದು ಬದಿಗೂ ಏಳೆಂಟು ಸೆಂಟಿಮೀಟರ್ ಖಾಲಿ ಜಾಗ, ಫ್ಯಾನ್ ಗಾಳಿ ಬಿಡುವ ಬದಿಗೆ ಇನ್ನೂ ಸ್ವಲ್ಪ ಹೆಚ್ಚು. ಎಲ್ಲ ಸೇರಿ ಹೊರ ಅಳತೆ ಉದ್ದ 110, ಆಳ 35, ಎತ್ತರ 65 ಸೆಂಟಿಮೀಟರ್.

ಇನ್ನು ಮರ. ಹೊಸ ಸಾಗುವಾನಿ ಕೊಳ್ಳುವ ಯೋಚನೆಯೇ ಬರಲಿಲ್ಲ, ಏಕೆಂದರೆ ನಮ್ಮ ಕಡೆ ಹಳೆಯ ಹಂಚಿನ ಮನೆಗಳನ್ನು ಕೆಡವಿ ಟೆರೇಸ್ ಮನೆ ಕಟ್ಟುವವರಿಗೆ ಕೊನೆಯಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳೆಲ್ಲ ಒಂದೊಂದಾಗಿ ಹುಲ್ಲಿನಿಂದ ಹಂಚಿಗೆ ತಿರುಗಿದವು. ಹಂಚು ನಿಲ್ಲಲು ರೀಪು ಎಂಬ ಅಡ್ಡಪಟ್ಟಿ ಬೇಕು, ರೀಪು ಹೊರಲು ಪಕಾಸು ಎಂಬ ಓರೆ ತೊಲೆ ಬೇಕು. ಆ ಮಾಡುಗಳು ಇಳಿಯುವಾಗ ಹಂಚಿಗೆ ಗಿರಾಕಿಗಳಿದ್ದಾರೆ, ಪಕಾಸಿಗೂ ಇದ್ದಾರೆ. ತುಂಡು ರೀಪುಗಳು ಮಾತ್ರ ಬಚ್ಚಲಿನ ಒಲೆಗೆ ಹೋಗುತ್ತವೆ. ಬ್ರಹ್ಮಾವರದ ಕಡೆ ಕೆಡವುತ್ತಿದ್ದ ಮನೆಯೊಂದರಿಂದ ಒಂದು ರಿಕ್ಷಾ ತುಂಬ ತಂದೆ. ಅದರಲ್ಲಿ ಹೆಬ್ಬಲಸು ಇತ್ತು, ಕಿರಾಲುಬೋಗಿ ಮರದ ಪಕಾಸಿನ ತುಂಡುಗಳಿದ್ದವು, ತಾಳೆ ಜಾತಿಯ ಬೈನೆಯ ರೀಪೂ ಇತ್ತು. ಬೈನೆಯನ್ನು ಬದಿಗಿಟ್ಟೆ. ಅದು ಗಟ್ಟಿ, ಗೆದ್ದಲೂ ಸುಲಭಕ್ಕೆ ಮುಟ್ಟುವುದಿಲ್ಲ, ಆದರೆ ಕೀಸುವಾಗ ಸಿಗುರು ಎದ್ದು ಕೈಗೆ ಚುಚ್ಚುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಬೇಡ. ಹಂಚಿನಡಿ ದಶಕಗಟ್ಟಲೆ ಬಿಸಿಲು ಮಳೆಗಳ ನಡುವೆ ಇದ್ದ ಹೆಬ್ಬಲಸು ಇನ್ನು ಸೊಟ್ಟಗಾಗುವುದಿದ್ದರೆ ಆಗಲೇ ಆಗಿರುತ್ತದೆ. ಮಿಲ್ಲಿನಲ್ಲಿ ‘ಒಣಗಿದೆ’ ಎಂದು ಕೊಡುವ ಮರಕ್ಕಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು.

ಹಳೆ ಮರದಲ್ಲಿ ಒಂದೇ ತೊಂದರೆ, ಮೊಳೆ. ತಲೆ ಮುರಿದು ಒಳಗೇ ಉಳಿದ ಮೊಳೆ ಕೀಸುಳಿಯ ಅಲಗನ್ನು ಒಂದೇ ಎಳೆತಕ್ಕೆ ಮುಕ್ಕು ಮಾಡುತ್ತದೆ. ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತಕ್ಕೆ ದಾರ ಕಟ್ಟಿ ಪ್ರತಿ ರೀಪಿನ ಉದ್ದಕ್ಕೂ ಇಳಿಬಿಟ್ಟು ನೋಡಿದೆ. ಮೊಳೆ ಇದ್ದಲ್ಲಿ ಅದು ವಾಲುತ್ತದೆ. ಕಬ್ಬಿಣ ತಾಗಿದ ಸುತ್ತ ಮರ ನೀಲಿಗಪ್ಪಾಗಿರುವುದೂ ಒಂದು ಗುರುತು. ಆ ಕಲೆಗಳನ್ನು ಪೂರ್ತಿ ಕೀಸಿ ತೆಗೆಯದೆ ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ.

ಮುಂಭಾಗದ ವಿನ್ಯಾಸಕ್ಕೆ ಹೆಚ್ಚು ದೂರ ಹುಡುಕಬೇಕಾಗಲಿಲ್ಲ. ನಮ್ಮ ಹಳೆಯ ಚಾವಡಿಗಳಿಗೆ ಮರದ ದಳಿ, ಅಂದರೆ ಸಂದಿ ಬಿಟ್ಟು ನಿಲ್ಲಿಸಿದ ಕಡ್ಡಿಗಳ ಸಾಲು ಇರುತ್ತಿತ್ತು. ಹೊರಗಿನವರಿಗೆ ಒಳಗೆ ಕಾಣಬಾರದು, ಒಳಗಿನವರಿಗೆ ಗಾಳಿ ಬೆಳಕು ಬೇಕು. ಎರಡಕ್ಕೂ ಅದೇ ಉತ್ತರ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ, ಹಳಬರು ಕಡ್ಡಿಗೂ ಸಂದಿಗೂ ಎಷ್ಟೆಷ್ಟು ಜಾಗ ಬಿಡುತ್ತಿದ್ದರು ಎಂದು ಕಣ್ಣಳತೆಯಲ್ಲಿ ನೋಡಿ ಬಂದೆ. ನಾನು ಆರಿಸಿಕೊಂಡದ್ದು 25 ಮಿಲಿಮೀಟರ್ ಕಡ್ಡಿ, 15 ಮಿಲಿಮೀಟರ್ ಸಂದಿ. ಎಂದರೆ ಚೌಕಟ್ಟಿನ ಒಳಜಾಗದ ಶೇಕಡ 37ರಷ್ಟು ಬಯಲು. ಒಳಜಾಗ 98ಕ್ಕೆ 46 ಸೆಂಟಿಮೀಟರ್ ಇರುವುದರಿಂದ ಗಾಳಿಗೆ ಸಿಕ್ಕಿದ್ದು ಸುಮಾರು 1,700 ಚದರ ಸೆಂಟಿಮೀಟರ್. ನಿಂತು ನೋಡಿದರೆ ಒಳಗಿನದು ಕಾಣುವುದಿಲ್ಲ, ಎದುರಿಗೆ ಕೂತು ಇಣುಕಿದರೆ ಮಾತ್ರ ಕಾಣುತ್ತದೆ. ಇನ್ವರ್ಟರಿನ ಪರದೆ ಬರುವಲ್ಲಿ ಒಂದು ಕಡ್ಡಿಯನ್ನು ಮೊಟಕು ಮಾಡಿದೆ, ದೀಪ ಕೆಂಪೋ ಹಸಿರೋ ಎಂದು ತಿಳಿಯಬೇಕಲ್ಲ.

ಚೌಕಟ್ಟಿಗೆ ಕಿರಾಲುಬೋಗಿ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕಾಗುವಷ್ಟು ಗಟ್ಟಿ ಮರ. ಮೂಲೆಗಳಿಗೆ ಒಂದರಲ್ಲಿ ಚೌಕ ತೂತು ತೋಡಿ ಇನ್ನೊಂದರ ನಾಲಿಗೆಯನ್ನು ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆದೆ. ಬ್ಯಾಟರಿಯ ಬಳಿ ಆಮ್ಲದ ಹಬೆ, ಹೊರಗಿನಿಂದ ಮಲ್ಪೆಯ ಉಪ್ಪುಗಾಳಿ. ಸಾಮಾನ್ಯ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲ ಬಾಳುವುದು ಅನುಮಾನ. ಹಿತ್ತಾಳೆಯೂ ಹಸಿರು ಹಿಡಿಯುತ್ತದೆ. ಅನಿವಾರ್ಯವಾದಲ್ಲಿ, ಮುಖ್ಯವಾಗಿ ಮುಚ್ಚಳದ ಕೀಲುಗಳಿಗೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ ತಂದೆ. ಕಡ್ಡಿಗಳಿಗೆ ಅಂಟು ಹಾಕಿಲ್ಲ. ಚೌಕಟ್ಟಿನ ಮೇಲೆ ಕೆಳಗೆ ತೋಡಿದ ಉದ್ದ ಕಚ್ಚಿನೊಳಗೆ ನಿಲ್ಲಿಸಿ, ನಡುನಡುವೆ 15 ಮಿಲಿಮೀಟರಿನ ತುಂಡುಗಳನ್ನು ಇಟ್ಟಿದ್ದೇನೆ. ಜೂನ್ ಬಂದ ಕೂಡಲೇ ನಮ್ಮಲ್ಲಿ ಪ್ರತಿ ಮರವೂ ಉಬ್ಬುತ್ತದೆ, ಬಾಗಿಲುಗಳು ಕಿರುಗುಟ್ಟುತ್ತವೆ. ಕಡ್ಡಿಗೆ ಅಲುಗಾಡಲು ಒಂದಿಷ್ಟು ಸಡಿಲ ಬೇಕು.

ಈ ಕೆಲಸದ ಜೀವ ಇರುವುದು ಮುಚ್ಚಳದಲ್ಲಿ. ಹಲಸಿನ ಮೂರು ಹಲಗೆಗಳನ್ನು ಅಂಟಿಸಿ ಒಂದು ಮಾಡಿದೆ. ಹಿಂಬದಿಯಲ್ಲಿ ಗೋಡೆಗೆ ತಾಗದಂತೆ ಉದ್ದಕ್ಕೂ 3 ಸೆಂಟಿಮೀಟರ್ ಬಿಟ್ಟಿದ್ದೇನೆ. ಅದೇ ಬಿಸಿಗಾಳಿಗೂ ಹೈಡ್ರೋಜನ್ನಿಗೂ ಹೊರದಾರಿ, ಒಟ್ಟು 330 ಚದರ ಸೆಂಟಿಮೀಟರ್. ಯಾರಾದರೂ ಪೆಟ್ಟಿಗೆಯನ್ನು ಗೋಡೆಗೆ ತಳ್ಳಿ ಆ ಸಂದಿಯನ್ನು ಮುಚ್ಚದಂತೆ ಹಿಂದಿನ ಕಾಲುಗಳಿಗೆ ಅಷ್ಟೇ ದಪ್ಪದ ಮರದ ತುಂಡುಗಳನ್ನು ಹೊಡೆದೆ. ಹಲಗೆ ಬಾಗದಿರಲು ಅಡಿಯಲ್ಲಿ ಪಟ್ಟಿಗಳು ಬೇಕೇ ಬೇಕು. ಮರದ ಎಳೆಗೆ ಅಡ್ಡಲಾಗಿ ಹಾಕಬೇಕಾದ ಪಟ್ಟಿ ಇಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಇದು ಅನುಕೂಲವೇ ಆಯಿತು: ಮುಚ್ಚಳದಡಿ ಸೇರಿದ ಅನಿಲ ಪಟ್ಟಿಗಳ ನಡುವಿನ ಓಣಿ ಹಿಡಿದು ಹಿಂದಿನ ಸಂದಿಗೇ ತಲುಪುತ್ತದೆ. ಅದೇ ಪಟ್ಟಿಯನ್ನು ಉದ್ದಕ್ಕೆ ಹೊಡೆದಿದ್ದರೆ ಅದರ ಹಿಂದೆ ಅನಿಲ ನಿಲ್ಲಲು ಒಂದು ಗೂಡು ಮಾಡಿಕೊಟ್ಟಂತಾಗುತ್ತಿತ್ತು. ಪಟ್ಟಿಯ ಸ್ಕ್ರೂ ತೂತುಗಳನ್ನು ಉದ್ದುದ್ದ ಮಾಡಿದ್ದೇನೆ, ಹಲಗೆ ಹಿಗ್ಗಿದರೂ ಕುಗ್ಗಿದರೂ ಸೀಳದಂತೆ. ಕೀಲು ಹಿಂಬದಿಯ ಅಡ್ಡಪಟ್ಟಿಗೆ. ಮುಚ್ಚಳ ಎತ್ತಿದರೆ ಬ್ಯಾಟರಿಯ ಆರೂ ಬಾಯಿಗಳು ಕೈಗೆ ಸಿಗಬೇಕು, ಆಲಿಕೆ ಇಟ್ಟು ನೀರು ಹುಯ್ಯಲು ಆಗಬೇಕು. ಇಷ್ಟಿಲ್ಲದಿದ್ದರೆ ನೀರು ಹಾಕುವ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಬ್ಯಾಟರಿ ಒಣಗುತ್ತದೆ.

ಕಾಲುಗಳು 5 ಸೆಂಟಿಮೀಟರ್ ಎತ್ತರ, ಕೆಳಗಿನಿಂದ ಗಾಳಿ ಬರಲು. ನೆಲ ಒರೆಸುವಾಗ ನೀರು ತಾಗುವುದು ಅಲ್ಲೇ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಕಾಲಿನ ತುದಿಗೆ ಗೇರೆಣ್ಣೆ ಕುಡಿಸಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಕಪ್ಪೆಣ್ಣೆಯನ್ನು ನಮ್ಮವರು ದೋಣಿಗೂ ಮಾಡಿನ ಮರಕ್ಕೂ ಹಚ್ಚುತ್ತಿದ್ದರು. ಕೈಗವಸು ಇಲ್ಲದೆ ಮುಟ್ಟಬಾರದು, ಚರ್ಮ ಬೊಬ್ಬೆ ಏಳುತ್ತದೆ. ವಾಸನೆಯೂ ಕೆಲವು ದಿನ ಬಿಡುವುದಿಲ್ಲ. ಅದು ಆರಿದ ಮೇಲೆ ತಳಕ್ಕೆ ನೈಲಾನ್ ಬಿಲ್ಲೆ. ಬ್ಯಾಟರಿ ಕೋಣೆಯ ಒಳಮೈಗೆ ಆಮ್ಲ ತಡೆಯುವ ಕಪ್ಪು ಬಣ್ಣ, ಹೊರಗೆ ತೆಳ್ಳಗೆ ಪಾಲಿಷ್. ಬ್ಯಾಟರಿ ಮಾತ್ರ ಪ್ಲಾಸ್ಟಿಕ್ ತಟ್ಟೆಯ ಮೇಲೆ ನೇರ ನೆಲಕ್ಕೇ ಕೂತಿದೆ, ಅದರ ತೂಕವನ್ನು ಮರಕ್ಕೆ ಹೊರಿಸಿಲ್ಲ.

ಬ್ಯಾಟರಿ ಒಳಗಿಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಆಮೇಲೆ ಇದನ್ನು ಮಾಡಲೇಬಾರದು. ಇನ್ವರ್ಟರ್ ಬರುವ ಜಾಗದಲ್ಲಿ ಹಳೆಯ ಕಾಲದ 100 ವ್ಯಾಟಿನ ತಂತಿ ಬಲ್ಬು ಹೊತ್ತಿಸಿ, ಮುಚ್ಚಳ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ಕಾಲಿನ ಸಂದಿಯ ಬಳಿ ಊದುಬತ್ತಿ ಹಿಡಿದೆ. ಬಲ್ಬು ಏಕೆ 100 ವ್ಯಾಟ್? ಇನ್ವರ್ಟರಿನ ದಕ್ಷತೆ ಶೇಕಡ 80ರಿಂದ 85 ಎಂದುಕೊಂಡರೆ, 500 ವ್ಯಾಟ್ ಲೋಡಿಗೆ ಸುಮಾರು ಅಷ್ಟೇ ಶಾಖ ಒಳಗೆ ಉಳಿಯುತ್ತದೆ. ಹೊಗೆ ಒಳಗೆಳೆದುಕೊಂಡು ಹೋಗಿ ಹಿಂದಿನ ಸಂದಿಯಿಂದ ಗೋಡೆಗುಂಟ ಮೇಲೆದ್ದಿತು. ಬಲ್ಬನ್ನು ಬ್ಯಾಟರಿಯ ಕಡೆಗಿಟ್ಟು ನೋಡಿದಾಗಲೂ ಹಾಗೆಯೇ. ಫ್ಯಾನಿನ ನೆರವಿಲ್ಲದೆ ಇಷ್ಟು ಎಳೆತ ಸಿಕ್ಕಿದ್ದು ನನಗೆ ಸಾಕೆನಿಸಿತು. ಎಲ್ಲವನ್ನೂ ಒಳಗಿಟ್ಟ ಮೇಲೆ, ವಿದ್ಯುತ್ ಇಲ್ಲದ ಒಂದು ಸಂಜೆ ಥರ್ಮಾಮೀಟರ್ ಇಟ್ಟು ನೋಡಿದರೆ ಹೊರಗೆ 30 ಡಿಗ್ರಿ ಇದ್ದಾಗ ಬ್ಯಾಟರಿಯ ಪಕ್ಕದಲ್ಲಿ 32 ಇತ್ತು. ಸೀಸ-ಆಮ್ಲದ ಬ್ಯಾಟರಿ ಪ್ರತಿ 10 ಡಿಗ್ರಿ ಹೆಚ್ಚುವರಿ ಶಾಖಕ್ಕೆ ಅರ್ಧದಷ್ಟು ಆಯುಸ್ಸು ಕಳೆದುಕೊಳ್ಳುತ್ತದೆ ಎಂಬುದು ಬಲ್ಲವರ ಸ್ಥೂಲ ಲೆಕ್ಕ. ಎರಡು ಡಿಗ್ರಿಗೆ ನಾನು ಜಗಳವಾಡುವುದಿಲ್ಲ.

ಗೋಡೆಗೆ ಬಿಗಿಯುವ ಅಗತ್ಯವಿರಲಿಲ್ಲ, ಮಕ್ಕಳು ಹಿಡಿದೆಳೆದರೆ ಮಗುಚದಂತೆ ಎರಡು ಕೊಕ್ಕೆ ಸಾಕು. ನಮ್ಮದು ಮುರಕಲ್ಲಿನ ಗೋಡೆ. ಅದರ ತೂತುತೂತಾದ ಮೈಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಎಳೆದರೆ ಪುಡಿಯೊಂದಿಗೆ ಕೈಗೆ ಬರುತ್ತದೆ. ದೊಡ್ಡ ತೂತು ಕೊರೆದು, ಧೂಳು ಊದಿ, ನೀರು ಚಿಮುಕಿಸಿ, ಸಿಮೆಂಟಿನೊಂದಿಗೆ ಮರದ ಗೂಟವನ್ನು ಕೂರಿಸಿ ಒಣಗಲು ಬಿಟ್ಟೆ. ಕೊಕ್ಕೆಯ ಸ್ಕ್ರೂ ಆ ಗೂಟಕ್ಕೆ. ಹೊದಿಕೆಯನ್ನು ಇಬ್ಬರು ಎತ್ತಿ ಈಚೆಗಿಡಬಹುದು, ದುರಸ್ತಿಗೆ ಬಂದ ಹುಡುಗನಿಗೆ ತಕರಾರಿಲ್ಲ.

ಮುಚ್ಚಳದ ಮೇಲೆ ದಿನಪತ್ರಿಕೆ, ಕೊಡೆ, ಬೀಗದ ಕೈ ಏನು ಬೇಕಾದರೂ ಇಡಬಹುದು. ಹೂದಾನಿ ಬೇಡ, ನೀರು ಚೆಲ್ಲುತ್ತದೆ. ದೀಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಬೇಡವೇ ಬೇಡ. ಅನಿಲ ಹೊರಬರುವ ಸಂದಿ ಅಲ್ಲೇ ಹಿಂದಿದೆ. ಮೇಜುಬಟ್ಟೆ ಹಾಸುವವರು ಅದು ಹಿಂದಕ್ಕೆ ಇಳಿಬೀಳದಂತೆ ನೋಡಿಕೊಳ್ಳಬೇಕು. ಮುಚ್ಚಳ ಎತ್ತಿ ನೀರು ನೋಡುವಾಗ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಹನಿಯೂ ಬ್ಯಾಟರಿಯ ಬಾಯಿಗೆ ಬೀಳಬಾರದು.

ಪಕ್ಕದ ಮನೆಯವರು ತಮಗೂ ಒಂದು ಬೇಕೆಂದು ಕೇಳಿದ್ದಾರೆ. ಅವರದು ಲಿಥಿಯಂ ಬ್ಯಾಟರಿ. ಅದಕ್ಕೆ ನೀರು ಹಾಕುವುದಿಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದಿಲ್ಲ, ತೂಕವೂ ಕಡಿಮೆ. ಅವರಿಗೆ ಕೀಲಿನ ಮುಚ್ಚಳವೂ ಕಪ್ಪು ಬಣ್ಣವೂ ಬೇಕಿಲ್ಲ, ಆದರೆ ಕಾಲಿನ ಸಂದಿ, ದಳಿ, ಹಿಂದಿನ ಸಂದಿ ಇದೇ ಅಳತೆಯಲ್ಲಿ ಇರಲಿ ಎಂದಿದ್ದೇನೆ. ರೀಪು ಇನ್ನೂ ಅರ್ಧ ಉಳಿದಿದೆ.