ಮ್ಯೂಯಾನ್ ಎಣಿಸೋಕೆ ಹೋಗಿ ಬೆಳಕು ಎಣಿಸಿದ್ದು

ಪಿಎಚ್‌ಡಿ ಮೊದಲನೇ ವರ್ಷ ನನಗೆ ಕೊಟ್ಟ ಕೆಲಸ ಮ್ಯೂಯಾನ್ ಟೆಲಿಸ್ಕೋಪ್ ಕಟ್ಟೋದು. ಕಣ ದಾಟಿದ್ರೆ ಮಿನುಗೋ ಸಿಂಟಿಲೇಟರ್ ಅನ್ನೋ ಪ್ಲಾಸ್ಟಿಕ್ ಹಲಗೆಗಳನ್ನ ಒಂದರ ಮೇಲೊಂದು ಇಟ್ಟು, ಆಕಾಶದಿಂದ ಬರೋ ಮ್ಯೂಯಾನ್ (ಎಲೆಕ್ಟ್ರಾನ್ ತರಹದ್ದೇ, ಆದ್ರೆ ಹೆಚ್ಚು ಭಾರದ ಕಣ) ಎಲ್ಲವನ್ನೂ ಒಟ್ಟಿಗೆ ದಾಟಿದ್ರೆ ಅದನ್ನ ಎಣಿಸೋದು. ಮುಂದೆ ಹೊಸ ಡಿಟೆಕ್ಟರ್ ಯಾವುದೇ ಮಾಡಿದ್ರೂ ಇದರ ಮಧ್ಯೆ ಇಟ್ಟೇ ಟೆಸ್ಟ್ ಮಾಡಬೇಕು, ಹಾಗಾಗಿ ಇದು ತಪ್ಪಿದ್ರೆ ಎಲ್ಲಾ ತಪ್ಪಿದ ಹಾಗೆ.

ಹಲಗೆ 20 ಸೆಂ.ಮೀ. ಚೌಕ, 1 ಸೆಂ.ಮೀ. ದಪ್ಪ. ಒಂದು ಮ್ಯೂಯಾನ್ ದಾಟಿದ್ರೆ ಸುಮಾರು 2 ಎಂಇವಿ (ಕಣಗಳ ಶಕ್ತಿ ಅಳೆಯೋ ಮಾನ) ಶಕ್ತಿ ಬಿಟ್ಟು ಹೋಗುತ್ತೆ, ಎಂಇವಿಗೆ ಹೆಚ್ಚುಕಮ್ಮಿ 10,000 ಫೋಟಾನ್, ಅಂದ್ರೆ ಬೆಳಕಿನ ಕಣ, ಹುಟ್ತವೆ, ಆದ್ರೆ ಪಿಎಂಟಿ (ಮಂದ ಬೆಳಕನ್ನೂ ವಿದ್ಯುತ್ ಸಿಗ್ನಲ್ ಮಾಡೋ ಟ್ಯೂಬ್) ತನಕ ಮುಟ್ಟೋದು ಅದರಲ್ಲಿ ಸ್ವಲ್ಪ ಮಾತ್ರ, ಅದಕ್ಕೇ ಅಂಚು ಪಾಲಿಶ್ ಮಾಡಿ, ಗ್ಲೌಸ್ ಹಾಕ್ಕೊಂಡೇ ಹಿಡಿದು, ಆಪ್ಟಿಕಲ್ ಗ್ರೀಸ್‌ನಲ್ಲಿ ಗುಳ್ಳೆ ಉಳಿಯದ ಹಾಗೆ ಪಿಎಂಟಿ ಒತ್ತಿ, ಟೈವೆಕ್ ಅನ್ನೋ ಬಿಳಿ ಹಾಳೆ ಸುತ್ತಿ, ಅದರ ಮೇಲೆ ಕಪ್ಪು ಕಾಗದ, ಕಪ್ಪು ಟೇಪ್ ಹಾಕೋದು. ಎರಡು ಹಲಗೆ ಮುಗಿಸೋಕೆ ಒಂದು ವಾರ ಹಿಡೀತು.

ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್. ಅಂದ್ರೆ ನಮ್ಮ ಹಲಗೆಗೆ ಸೆಕೆಂಡಿಗೆ ಆರೋ ಏಳೋ, ಎರಡು ಹಲಗೆ ಮಧ್ಯೆ ಅಂತರ ಇರೋದ್ರಿಂದ ಕೋಇನ್ಸಿಡೆನ್ಸ್, ಅಂದ್ರೆ ಎರಡಕ್ಕೂ ಒಟ್ಟಿಗೆ ಕಂಡ ಎಣಿಕೆ, ಇನ್ನೂ ಕಮ್ಮಿ ಬರಬೇಕು. ನನಗೆ ಬಂದಿದ್ದು 15. ಒಳ್ಳೆ ಸಿಗ್ನಲ್ ಬರ್ತಿದೆ ಅಂತ ಖುಷಿಯಲ್ಲಿ ಸೀನಿಯರ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು, "ಡಿಲೇ ಹಾಕಿ ನೋಡಿದ್ಯಾ?"

ಒಂದು ಹಲಗೆಯ ಸಿಗ್ನಲ್‌ಗೆ ಮಾತ್ರ 20 ಮೀಟರ್ ಕೇಬಲ್ ಹೆಚ್ಚಿಗೆ ಸೇರಿಸಿದೆ. ಮೀಟರಿಗೆ 5 ನ್ಯಾನೋಸೆಕೆಂಡ್ ಲೆಕ್ಕದಲ್ಲಿ 100 ನ್ಯಾನೋಸೆಕೆಂಡ್ ತಡ, ನಮ್ಮ ಪಲ್ಸ್ ಅಗಲ (ಒಂದು ಸಿಗ್ನಲ್ ಉಳಿಯೋ ಹೊತ್ತು) 50, ಹಾಗಾಗಿ ನಿಜವಾದ ಮ್ಯೂಯಾನ್ ಒಂದೂ ಎಣಿಕೆಗೆ ಸಿಗಬಾರದು. ಕೌಂಟರ್ ಸೆಕೆಂಡಿಗೆ 10 ತೋರಿಸ್ತಾನೇ ಇತ್ತು! ಆಮೇಲೆ ಒಂದೊಂದೇ ಹಲಗೆ ನೋಡಿದ್ರೆ ಎರಡೂ ಸೆಕೆಂಡಿಗೆ ಹತ್ತತ್ರ 10,000 ಎಣಿಸ್ತಿವೆ. ಎರಡು ರೇಟ್ ಗುಣಿಸಿ, ಪಲ್ಸ್ ಅಗಲದ ಎರಡರಷ್ಟರಿಂದ ಗುಣಿಸಿದ್ರೆ ಸರಿಯಾಗಿ 10 ಬರುತ್ತೆ, ಬರೀ ಆಕಸ್ಮಿಕವಾಗಿ ಒಟ್ಟಿಗೆ ಬಿದ್ದವು. ಈ ಲೆಕ್ಕ ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಆದ್ರೆ ಕೌಂಟರ್ ಮುಂದೆ ಕೂತಾಗ ನೆನಪಾಗ್ಲೇ ಇಲ್ಲ.

ಲೈಟ್ ಆರಿಸಿ ಹಲಗೆ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿದ ತಕ್ಷಣ 10,000 ಹೋಗಿ ನೂರರ ಆಸುಪಾಸು ಬಂತು, ಅಂದ್ರೆ ಬೆಳಕು ಒಳಗೆ ನುಗ್ತಿದೆ. ವೋಲ್ಟೇಜ್ ಇಳಿಸಿ, ಕತ್ತಲೆ ರೂಮಲ್ಲಿ ಸಣ್ಣ ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ಬೆರಳಷ್ಟು ಬೆರಳಷ್ಟೇ ಸರಿಸ್ತಾ ಕೌಂಟರ್ ನೋಡ್ತಾ ಹೋದೆ. ಹಲಗೆಯ ಬೆಳಕನ್ನ ಒಯ್ಯೋ ಲೈಟ್ ಗೈಡ್ ಪಿಎಂಟಿಗೆ ಸೇರೋ ಕಡೆ, ಚೌಕ ಹೋಗಿ ದುಂಡಗಾಗೋ ಮೂಲೇಲಿ ಟೇಪ್ ಕೂದಲೆಳೆಯಷ್ಟು ಎದ್ದಿತ್ತು, ಎರಡು ಹಲಗೆಯಲ್ಲೂ ಅದೇ ಜಾಗ, ಯಾಕಂದ್ರೆ ಎರಡನ್ನೂ ಸುತ್ತಿದ್ದು ನಾನೇ, ಒಂದೇ ರೀತಿ. ದುಂಡು ಜಾಗಕ್ಕೆ ಅಗಲ ಟೇಪ್ ಕೂರಲ್ಲ, ಸಣ್ಣ ಸಣ್ಣ ಪಟ್ಟಿ ಕತ್ತರಿಸಿ ಒಂದರ ಮೇಲೊಂದು ಅರ್ಧ ಬರೋ ಹಾಗೆ ಅಂಟಿಸಬೇಕು.

ಅಂಟಿಸಿದ ಮೇಲೆ ಸೆಕೆಂಡಿಗೆ 5. ಡಿಲೇ ಕೇಬಲ್ ಹಾಕಿದ್ರೆ ಎಷ್ಟೋ ನಿಮಿಷಕ್ಕೆ ಒಂದು. ಮೂರನೇ ಹಲಗೆ ಮಾಡಿ ಮಧ್ಯೆ ಇಟ್ಟಾಗ, ಮೇಲಿನದು ಕೆಳಗಿನದು ಎರಡೂ ಕಂಡ 100 ಮ್ಯೂಯಾನ್‌ನಲ್ಲಿ 97 ಅದಕ್ಕೂ ಕಂಡಿದ್ವು. ಆ 20 ಮೀಟರ್ ಕೇಬಲ್ ಸುರುಳಿ ಈಗಲೂ ರ‍್ಯಾಕ್ ಪಕ್ಕದಲ್ಲೇ ನೇತಾಡ್ತಿದೆ, ಡೇಟಾ ತಗೊಳ್ಳೋಕೆ ಮುಂಚೆ ಪ್ರತಿ ಸಲ ಮೊದಲು ಅದನ್ನೇ ಹಾಕಿ ನೋಡ್ತೀನಿ.