ಮೀಟಿಂಗ್‌ನಲ್ಲಿ ಕಿರಿಯರು ಮೊದಲು ಮಾತಾಡಲಿ

ತಂಡ ನಡೆಸುವವರಿಗೆ ಕಾಕ್‌ಪಿಟ್‌ನಿಂದ ಒಂದು ಸಲಹೆ.

1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ ಏರ್‌ಲೈನ್ಸ್ ಕಂಪನಿಯ 173 ನಂಬರಿನ ವಿಮಾನ ಬಿತ್ತು. ಇಂಜಿನ್ ಕೆಟ್ಟಿರಲಿಲ್ಲ. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂಬ ಅನುಮಾನ. ಅದನ್ನು ಪರಿಹರಿಸುತ್ತಾ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದರು. ಅಷ್ಟರಲ್ಲಿ ಇಂಧನ ಖಾಲಿ. 10 ಜನ ಸತ್ತರು. ಇಂಧನ ಇಳೀತಿದೆ ಅಂತ ಜೊತೆಯವರಿಗೆ ಗೊತ್ತಿತ್ತು, ಹೇಳಿಯೂ ಇದ್ದರು. ಆದರೆ 'ಈಗಲೇ ಇಳಿಸಬೇಕು' ಅಂತ ಗಟ್ಟಿಯಾಗಿ ಹೇಳಲಿಲ್ಲ. 1981ರಲ್ಲಿ ಅದೇ ಕಂಪನಿ ಪೈಲಟ್‌ಗಳಿಗೆ ಒಟ್ಟಾಗಿ ಕೆಲಸ ಮಾಡುವ ತರಬೇತಿ ಶುರು ಮಾಡಿತು.

ನೀವು ಬಾಸ್ ಆಗಿದ್ದರೆ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ನೀವು ಹೇಳಿಬಿಟ್ಟ ಮೇಲೆ ಉಳಿದವರು ಹೂಂಗುಟ್ಟುವುದೇ ಜಾಸ್ತಿ, ಅಲ್ವಾ? 'ಯಾರಿಗಾದರೂ ಡೌಟ್ ಇದೆಯಾ?' ಅಂತ ಸುಮ್ನೆ ಕೇಳಿದರೆ ಸಾಲದು. 'ಈ ಪ್ಲಾನ್ ಎಲ್ಲಿ ಕೈಕೊಡಬಹುದು?' ಅಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ. ತೀರ್ಮಾನ ನಿಮ್ಮದೇ, ವೋಟಿಗೆ ಹಾಕಬೇಕಿಲ್ಲ.

ಕಿರಿಯರೇ, 'ಸ್ವಲ್ಪ ಕಷ್ಟ ಆಗಬಹುದೇನೋ ಸರ್' ಅಂತ ಗೊಣಗಬೇಡಿ. ಹೀಗೆ ಹೇಳಿ: 'ಸರ್, ಹೊಸ ಸಾಫ್ಟ್‌ವೇರ್ ಟೆಸ್ಟಿಂಗ್ ಮುಗಿದಿಲ್ಲ. ಶುಕ್ರವಾರವೇ ರಿಲೀಸ್ ಮಾಡಿದರೆ ಬಿಲ್ಲಿಂಗ್ ನಿಂತುಹೋಗಬಹುದು. ಸೋಮವಾರ ಮಾಡೋಣ, ಏನಂತೀರಿ?' ಸಮಸ್ಯೆ, ಪರಿಣಾಮ, ದಾರಿ ಮೂರೂ ಬಂತು. ಉತ್ತರ ಬರದಿದ್ದರೆ ಇನ್ನೊಮ್ಮೆ ಹೇಳಿ, ಅದು ಉದ್ಧಟತನ ಅಲ್ಲ.

ಇನ್ನೊಂದು ಚಿಕ್ಕದು. ವಿಮಾನ ಏರುವಾಗ, ಇಳಿಯುವಾಗ 10,000 ಅಡಿಗಿಂತ ಕೆಳಗೆ ಪೈಲಟ್‌ಗಳು ಹರಟೆ ಹೊಡೆಯುವಂತಿಲ್ಲ. ನಿಮ್ಮ ತಂಡದಲ್ಲೂ ಮುಖ್ಯ ಕೆಲಸ ನಡೆಯುವಾಗ ಬೇರೆ ಮೆಸೇಜ್, ಫೋನ್ ಪಕ್ಕಕ್ಕಿಡಿಸಿ.